ಮಾಬ್ಲ ಮಾವನ ಯುರೋಪಿನಲ್ಲಿ ಹೊಳೆಗಳೆಷ್ಟು?

ಹಳದೀಪುರದ ಮಾಬ್ಲ ಮುಂಬಯಿಗೆ ಹೋದದ್ದು ಮೀಸೆ ಮೂಡುವ ಮೊದಲು. ಬಟ್ಟೆ ವ್ಯಾಪಾರದ ಗುಜರಾತಿ ಸೇಟೊಬ್ಬನ ಅಡುಗೆಮನೆ ಹೊಕ್ಕವನು ತಲೆ ನರೆತರೂ ಅಲ್ಲೇ ಇದ್ದ. ಆ ಮನೆಯಲ್ಲಿ ಅವನನ್ನು ಎಲ್ಲರೂ ‘ಮಹಾರಾಜ’ ಎನ್ನುತ್ತಿದ್ದರು. ಅಲ್ಲಿ ಅಡುಗೆಯವರನ್ನು ಕರೆಯುವುದೇ ಹಾಗೆ. ಈ ಸಂಗತಿಯ ಮೊದಲರ್ಧವನ್ನು ಮಾತ್ರ ಮಾಬ್ಲ ಊರಿನಲ್ಲಿ ಹೇಳಿದ್ದ. ಅವನ ಮದುವೆಯ ಮಾತು ಬಂದಾಗಲೆಲ್ಲ ಸೇಟನ ಮನೆಯಲ್ಲಿ ಯಾರದಾದರೂ ಮದುವೆ ಇರುತ್ತಿತ್ತು. ನೂರಾರು ಎಲೆಗೆ ಬಡಿಸುವ ಗಡಿಬಿಡಿಯಲ್ಲಿ ಅವನದು ಹಾಗೇ ಉಳಿದುಹೋಯಿತು.

ಅವನ ನಿಜವಾದ ಕಸುಬು ಅಡುಗೆಯಲ್ಲ, ಕತೆ. ವರ್ಷಕ್ಕೊಮ್ಮೆ ಬಂದು ಅಕ್ಕ ದುರ್ಗಮ್ಮನ ಮನೆಯ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕಿ ಕುಳಿತನೆಂದರೆ ಓಣಿಯ ಗಂಡಸರೆಲ್ಲ ಅಲ್ಲೇ. ಒಂದರ ಮೇಲೊಂದು ಕೂತಂಥ ಎರಡು ಅಂತಸ್ತಿನ ಬಸ್ಸು, ಗುಂಡಿ ಒತ್ತಿದರೆ ಮೇಲೇರುವ ಕೋಣೆ, ಬೇಸಗೆಯಲ್ಲೂ ಹಲ್ಲು ಕಟಕಟಿಸುವ ಸಿನಿಮಾ ಮಂದಿರ, ಹೀಗೆ ಒಂದೊಂದನ್ನೂ ಅವನು ಹದವಾಗಿ ಬೇಯಿಸಿ ಬಡಿಸುತ್ತಿದ್ದ. ಆದರೆ ಕಾಲ ಹಾಗೇ ಇರಲಿಲ್ಲ. ಹಳದೀಪುರದ ಹುಡುಗರೂ ಮುಂಬಯಿಗೆ ಹೋಗಿಬರತೊಡಗಿದರು. ಕಳೆದ ಚೌತಿಯಲ್ಲಿ ಅವನು ಮೇಲೇರುವ ಕೋಣೆಯ ಕತೆ ತೆಗೆದಾಗ ನೆರೆಮನೆಯ ಜಟ್ಟ, “ಮಾಬ್ಲಣ್ಣ, ಅದ್ರಲ್ಲಿ ನಾನೂ ಹತ್ತಿ ಇಳ್ದಾತು. ಬೇರೆ ಎಂತಾದ್ರೂ ಇದ್ರೆ ಹೇಳು” ಎಂದು ಪಂಚೆ ಕೊಡವಿ ಎದ್ದು ಹೋಗಿದ್ದ. ಅವನ ಹಿಂದೆ ಮತ್ತಿಬ್ಬರು ಎದ್ದರು. ಮಾಬ್ಲ ಆ ಸಂಜೆ ಊಟ ಮಾಡಲಿಲ್ಲ.

ಇದಾಗಿ ಆರು ತಿಂಗಳಿಗೆ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಬಟಾಬಯಲಿನಂಥ ಮಾರ್ಚ್ ತಿಂಗಳಲ್ಲಿ ಅವನು ಬಸ್ಸಿಳಿದು ಬಂದಾಗ ದುರ್ಗಮ್ಮನ ಸೊಸೆ ಅಂಬಾಳ ಎದೆ ಧಸಕ್ಕೆಂದಿತು. ಅವಳ ಎದೆ ಧಸಕ್ಕೆನ್ನಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಧಾರವಾಡದಲ್ಲಿ ಮೆಟ್ರಿಕ್ ಮುಗಿಸಿ ಈ ಕರಾವಳಿಗೆ ಬಂದು ಎರಡು ವರ್ಷವಾಗಿತ್ತು. ತೊಡೆಯ ಮೇಲೆ ಎಂಟು ತಿಂಗಳ ಹೆಣ್ಣು ಕೂಸು. ಕೂಸು ಸೀನಿದರೆ ನ್ಯುಮೋನಿಯಾ, ಸೀನದಿದ್ದರೆ ಕಫ ಒಳಗೇ ಕಟ್ಟಿದೆ. ಗಂಡ ರಮಾನಂದನಿಗೆ ಭಟ್ಕಳದಲ್ಲಿ ಕಾರಕೂನಿಕೆ. ನಡುವೆ ಹೊನ್ನಾವರದ ಹೊಳೆ ಇದ್ದುದರಿಂದ ಅವನು ಬರುವುದು ಶನಿವಾರ ಮಾತ್ರ, ಮತ್ತು ಪ್ರತಿ ಶನಿವಾರವೂ ದೋಣಿ ಮಗುಚಿದೆಯೆಂದೇ ಅಂಬಾ ಸಂಜೆಯವರೆಗೆ ನಂಬಿರುತ್ತಿದ್ದಳು.

“ಎಂತ ಆತು ಮಾಬ್ಲಾ? ಕೆಲ್ಸ ಬಿಡ್ಸಿದ್ರಾ?” ದುರ್ಗಮ್ಮ ಬಾಗಿಲಲ್ಲೇ ಕೇಳಿದಳು.

“ಬಿಡ್ಸೂದಾ? ಅಕ್ಕಾ, ನಾ ಯುರೋಪಿಗೆ ಹೊಂಟೆ!” ಎಂದ ಮಾಬ್ಲ. ಆಮೇಲೆ ಚೀಲ ಕೆಳಗಿಟ್ಟು, ದನಿ ತಗ್ಗಿಸಿ, “ಹೋಗೂದಾದ್ರೆ” ಎಂದ.

ಸಂಗತಿ ಇಷ್ಟು. ಸೇಟ್ ಮೇ ತಿಂಗಳಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ವಿಮಾನದಲ್ಲಿ ಯುರೋಪಿಗೆ ಹೊರಟಿದ್ದ. ಇಪ್ಪತ್ತೊಂದು ದಿವಸ, ಹತ್ತು ದೇಶ. ಆದರೆ ಸೇಟನ ತಾಯಿ, ಮನೆಯವರೆಲ್ಲ ‘ಬಾ’ ಎನ್ನುವ ಮುದುಕಿ, ಈರುಳ್ಳಿ ಮುಟ್ಟಿದ ಪಾತ್ರೆಯ ನೆರಳಿನಲ್ಲೂ ಉಣ್ಣುವವಳಲ್ಲ. ಹಾಗಾಗಿ ಅಡುಗೆಯವನೂ ಜೊತೆಗೆ ಬೇಕು. ಸೇಟ್ ಮಾಬ್ಲನನ್ನು ಕರೆದು, “ಮಹಾರಾಜ, ದಿನಕ್ಕೆ ಎರಡು ಹೊತ್ತು ಅಡುಗೆಯಾಗಬೇಕು, ಪ್ರಯಾಣವೂ ಸಾಗಬೇಕು. ಎಲ್ಲಿ ನಿಲ್ಲಬೇಕು, ಯಾವ ದೇಶ ಬಿಡಬೇಕು, ನೀನೇ ವಿಚಾರ ಮಾಡಿ ಒಂದು ವ್ಯವಸ್ಥೆ ಹೇಳು. ಆಗದಿದ್ದರೆ ಉದಯಪುರದವನೊಬ್ಬ ಇದ್ದಾನೆ, ಓಡುವ ರೈಲಿನಲ್ಲೇ ಪೂರಿ ಕರಿಯುತ್ತಾನಂತೆ” ಎಂದಿದ್ದ.

“ನಂಗೆ ಯುರೋಪು ಯಾವ ದಿಕ್ಕಿಗೆ ಬತ್ತದೆ ಅಂತ್ಲೂ ಗೊತ್ತಿಲ್ಲ” ಎಂದ ಮಾಬ್ಲ. “ನಮ್ಮನೇಲಿ ಕಲ್ತವ್ಳು ಒಬ್ಳು ಇದ್ದಾಳೆ ಅಂದೆ, ರಜೆ ತಕಂಡೆ, ಬಂದೆ. ಅಂಬಾ, ಇನ್ನು ನೀನೇ ಗತಿ.”

“ನಾನಽ? ನನಗೇನು ಗೊತ್ತೈತ್ರಿ ಮಾವಾ!” ಅಂಬಾ ಗಾಬರಿಯಾದಾಗ ಅವಳ ಬಾಯಿಂದ ಧಾರವಾಡ ಹೊರಬೀಳುತ್ತಿತ್ತು.

“ನೋಡು ಮಾರಾಯ್ತಿ” ಎಂದ ಮಾಬ್ಲ, ಜಗಲಿಯ ಖಾಲಿ ಚಾಪೆಯತ್ತ ಕೈ ತೋರಿಸಿ. “ಬೊಂಬಾಯಿ ಕತೆ ಖಾಲಿ ಆತು. ಜಟ್ಟ ಸುದ್ದಾ ಎದ್ದು ಹೋದ. ನಾಳೆ ಮುದುಕ ಆಗಿ ಊರಿಗೆ ಬಂದು ಕೂತ್ರೆ ನಾ ಎಂತ ಹೇಳೂದು? ಹೆಂಡ್ತಿ ಇಲ್ಲ, ಮಕ್ಕಳಿಲ್ಲ. ಮಾತೂ ಇಲ್ದೇ ಹೋದ್ರೆ ನನ್ನ ಹತ್ರ ಯಾರು ಬಂದು ಕೂತ್ಕಂತಾರೆ?”

ಇಷ್ಟು ಕೇಳಿದ ಮೇಲೆ ಅಂಬಾ ಎದ್ದು ಟ್ರಂಕು ತೆರೆದು, ಹೈಸ್ಕೂಲಿನ ಅಟ್ಲಾಸನ್ನು ಹೊರತೆಗೆದಳು.

ಮೂವರೂ ನಡುಮನೆಯಲ್ಲಿ ಕುಳಿತರು. ಕೂಸು ಅಟ್ಲಾಸಿನ ಮೂಲೆಯನ್ನು ಬಾಯಿಗಿಟ್ಟುಕೊಂಡಿತು. ಬಣ್ಣದಲ್ಲಿ ವಿಷವಿದ್ದೀತೆಂದು ಅಂಬಾ ಅದನ್ನು ಕಸಿದುಕೊಂಡಳು. ಯುರೋಪಿನ ಪುಟ ತೆರೆದಾಗ ಮಾಬ್ಲ ಬಣ್ಣ ನೋಡಿ ಸಂತೋಷಪಟ್ಟ. ದುರ್ಗಮ್ಮ ಮಾತ್ರ ಈ ಕರಾವಳಿಯ ಯಾರಾದರೂ ಪ್ರಯಾಣದ ಬಗ್ಗೆ ಮೊದಲು ಕೇಳುವುದನ್ನೇ ಕೇಳಿದಳು:

“ನಡುವೆ ಹೊಳೆ ಎಷ್ಟದೆ?”

ಇಲ್ಲಿ ಯಾರೂ ಮೈಲಿ ಕೇಳುವುದಿಲ್ಲ. ಬಸ್ಸು ಈಚೆ ದಡದವರೆಗೆ, ಆಮೇಲೆ ದೋಣಿ, ಆಚೆ ದಡದಲ್ಲಿ ಬೇರೆ ಬಸ್ಸು, ಅದೂ ಇದ್ದರೆ. ಗಾಳಿ ಎದ್ದರೆ ದೋಣಿ ಬಿಡುವುದಿಲ್ಲ, ನೀರು ಇಳಿದಿದ್ದರೆ ದೋಣಿ ಹತ್ತಿರ ಬರುವುದಿಲ್ಲ, ಎಲ್ಲ ಸರಿಯಿದ್ದರೆ ದೋಣಿಯವನು ಉಣ್ಣಲು ಹೋಗಿರುತ್ತಾನೆ. ಅಂಬಾ ಹುಟ್ಟಿ ಬೆಳೆದ ಧಾರವಾಡದಲ್ಲಿ ಹೊಳೆಯೇ ಇಲ್ಲ. ಹೊಳೆ ಎಂದರೇನೆಂದು ಅವಳು ಕಲಿತದ್ದು ಮದುವೆಯಾದ ಮೇಲೆ, ಹೊನ್ನಾವರದ ದಂಡೆಯಲ್ಲಿ, ಕೂಸನ್ನು ಅವಚಿಕೊಂಡು ಓಲಾಡುವ ದೋಣಿಯಲ್ಲಿ ಕಣ್ಣು ಮುಚ್ಚಿ ಕುಳಿತು. ಯುರೋಪಿನ ಹೊಳೆಗಳ ಹೆಸರು ಅವಳಿಗೆ ಉತ್ತರದಿಂದ ದಕ್ಷಿಣಕ್ಕೆ ಬಾಯಿಪಾಠವಿತ್ತು. ಅವುಗಳ ಮೇಲೆ ಏನಿದೆ ಎಂದು ಪರೀಕ್ಷೆಯಲ್ಲಿ ಯಾರೂ ಕೇಳಿರಲಿಲ್ಲ. ಲಂಡನ್ನಿನಲ್ಲಿ ಒಂದು ಸೇತುವೆ ಇದೆಯೆಂದು ಮಾತ್ರ ಗೊತ್ತಿತ್ತು. ಅದೊಂದೇ ಇರುವುದರಿಂದಲೇ ಅಷ್ಟು ಹೆಸರಾಗಿರಬೇಕು ಎಂದುಕೊಂಡಿದ್ದಳು.

“ನೀಲಿ ಗೆರೆ ಎಲ್ಲಾ ಹೊಳೇರಿ” ಎಂದಳು ಅಂಬಾ.

ದುರ್ಗಮ್ಮ ಬಗ್ಗಿ ನೋಡಿ ಹಣೆ ಬಡಿದುಕೊಂಡಳು. “ಅಯ್ಯೋ, ಜೇಡರ ಬಲೆ ಇದ್ದಂಗೆ ಅದೆ! ಮಾಬ್ಲಾ, ಹೊಳೆಗೆ ಅರ್ಧ ದಿವ್ಸ ಹಿಡಿ. ಸಾಮಾನು ಹೊರೂದು, ಇಳ್ಸೂದು. ಆ ಮುದ್ಕಿ ಬೇರೆ.”

“ಅರ್ಧ ದಿವ್ಸ ಆದ್ರೆ ಒಳ್ಳೇದೇ ಆತು” ಎಂದ ಮಾಬ್ಲ ಹುರುಪಿನಿಂದ. “ದೋಣಿ ಬರೂ ವರೆಗೆ ದಂಡೆ ಮೇಲೇ ಸ್ಟೌ ಹಚ್ಚಿ ಖಿಚಡಿ ಮಾಡ್ತೆ. ಹೊಳೆಗೊಂದು ಊಟ.”

ಅಂಬಾಳಿಗೆ ಇದು ಅದ್ಭುತ ವಿಚಾರವೆನಿಸಿತು. ಆದರೆ ಲೆಕ್ಕ ಹಾಕುತ್ತ ಹೋದಂತೆ ಹೊಳೆಗಳು ಊಟಕ್ಕಿಂತ ಹೆಚ್ಚಾದವು. ಹತ್ತು ದೇಶ ಸುತ್ತಿ ಬರುವಷ್ಟರಲ್ಲಿ ದೀಪಾವಳಿ ಕಳೆದಿರುತ್ತಿತ್ತು. ದೇಶಗಳನ್ನು ಹೊಡೆದುಹಾಕದೆ ಗತಿಯಿರಲಿಲ್ಲ.

ಮೊದಲು ಹೋದದ್ದು ಹಾಲೆಂಡು. “ಇಲ್ಲಿ ದೊಡ್ಡ ಹೊಳೆ ಬಂದು ಸಮುದ್ರ ಸೇರತೈತ್ರಿ, ನಾಲ್ಕಾರು ಕವಲಾಗಿ” ಎಂದಳು ಅಂಬಾ. “ಅಂದ್ರೆ ನಮ್ಮ ಅಘನಾಶಿನಿ ಬಾಯಿ ಇದ್ದಂಗೆ” ಎಂದಳು ದುರ್ಗಮ್ಮ. “ಕೆಸ್ರಲ್ಲಿ ಸೊಂಟದ ವರೆಗೆ ಹೂತು ಹೋತಾರೆ. ಚಿಪ್ಪಿ ಹೆಕ್ಕೂಕೆ ಹೋಗೂದಾ ಅವ್ರು? ಬ್ಯಾಡ.”

“ಹಾಲೆಂಡು ಹೋತಾ?” ಎಂದ ಮಾಬ್ಲ. ಆ ದೇಶವಿದೆಯೆಂದು ಅವನು ತಿಳಿದದ್ದು ಅದೇ ದಿನ ಮಧ್ಯಾಹ್ನ. ಆದರೂ ಸ್ವಂತ ಗದ್ದೆ ಹರಾಜಾದವನಂತೆ ಮುಖ ಮಾಡಿದ.

ಆಸ್ಟ್ರಿಯಾವನ್ನು ಡ್ಯಾನ್ಯೂಬ್ ಕೊಂಡೊಯ್ಯಿತು. “ಈ ಹೊಳೆ ಎಂತ, ಎಲ್ಲರ ಮನೆ ಅಂಗಳಕ್ಕೂ ಹೊಕ್ಕಿ ಬತ್ತದಲ್ಲ!” ಎಂದು ದುರ್ಗಮ್ಮ ಸಿಟ್ಟಾದಳು. ಜರ್ಮನಿಯ ಮೈತುಂಬ ನೀಲಿ ಗೆರೆ, ಹೋಯಿತು. ಬೆಲ್ಜಿಯಂ, ಡೆನ್ಮಾರ್ಕುಗಳು ದಾರಿಯಲ್ಲಿ ಸಿಗದೆ ತಾವಾಗಿಯೇ ಬಿದ್ದುಹೋದವು. ಇಟಲಿಯ ತಲೆಯ ಮೇಲೇ ಒಂದು ಹೊಳೆ ಅಡ್ಡ ಮಲಗಿತ್ತು. ಸ್ಪೇನಿಗೆ ಬಂದಾಗ ಮಾಬ್ಲ ಅಂಗಲಾಚಿದ: “ಅಂಬಾ, ಇದೊಂದು ಇರ್ಲಿ. ಸೇಟನ ಮಗ ಹೇಳ್ತಿದ್ದ, ಅಲ್ಲಿ ಎತ್ತಿನ ಎದ್ರು ಮನಷ್ರು ಕುಸ್ತಿ ಆಡ್ತಾರಂತೆ. ಜಟ್ಟನಿಗೆ ಹೇಳೂಕೆ ಆತಿತ್ತು.”

“ನಡುವ ಎರಡು ದೊಡ್ಡ ಹೊಳಿ, ಮ್ಯಾಲೆ ಒಂದು ಘಟ್ಟ ಅದರಿ ಮಾವಾ” ಎಂದು ಅಂಬಾ ಅಳುಮುಖ ಮಾಡಿದಳು. ಸ್ಪೇನು ಹೋಯಿತು.

ಸ್ವಿಟ್ಜರ್ಲೆಂಡು ಉಳಿದದ್ದು ದುರ್ಗಮ್ಮನ ಬುದ್ಧಿಯಿಂದ. ಅಲ್ಲಿ ಎರಡು ಹೊಳೆಗಳು ಹುಟ್ಟುತ್ತವೆಂದು ಕೇಳಿ, “ಹುಟ್ಟೂ ಜಾಗ್ದಲ್ಲಿ ಸಣ್ಣ ಇರ್ತದೆ. ಸೀರೆ ಎತ್ತಿ ಕಟ್ಟಿದ್ರೆ ದಾಟೂಕೆ ಆತದೆ” ಎಂದಳು. ಕೊನೆಗೆ ನಿಂತದ್ದು ಇಂಗ್ಲೆಂಡು, ಸ್ವಿಟ್ಜರ್ಲೆಂಡು ಮತ್ತು ಅರ್ಧ ಫ್ರಾನ್ಸು. ಪ್ಯಾರಿಸ್ ಊರಿನ ನಡುವೆಯೇ ಹೊಳೆ ಹರಿಯುವುದರಿಂದ ‘ಪ್ಯಾರಿಸ್, ಈಚೆಯ ದಡ ಮಾತ್ರ’ ಎಂದು ಅಂಬಾ ಮುತ್ತಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಳು. ಹೊಳೆ ದಾಟುವ ದಿನ ಮುದುಕಿಗೆ ಲಿಂಬೆಹಣ್ಣು, ಕಿವಿಗೆ ಹತ್ತಿ ಎಂದೂ ಸೇರಿಸಿದಳು. ಶುಕ್ರವಾರ ಮಾಬ್ಲ ಆ ಹಾಳೆಯನ್ನು ಅಂಗಿಯೊಳಗೆ ಇಟ್ಟುಕೊಂಡು ಮುಂಬಯಿ ರೈಲು ಹಿಡಿಯಲು ಹುಬ್ಬಳ್ಳಿ ಬಸ್ಸು ಹತ್ತಿದ.

ಶನಿವಾರ ರಮಾನಂದ ಭಟ್ಕಳದಿಂದ ಬಂದ. ಕೈಕಾಲು ತೊಳೆದು ಒಳಗೆ ಬಂದವನಿಗೆ ತೊಟ್ಟಿಲ ಕೆಳಗೆ ಬಿದ್ದಿದ್ದ ಕರಡು ಕಾಗದ ಸಿಕ್ಕಿತು. ಓದಿದ. ಮತ್ತೊಮ್ಮೆ ಓದಿದ.

“ಪ್ಯಾರಿಸ್ ಈಚೆ ದಡ ಎಂತಕ್ಕೆ? ಆಚೆಯವ್ರ ಹತ್ರ ಜಗಳವಾ?”

ಅಂಬಾ ಹೆಮ್ಮೆಯಿಂದ ಎಲ್ಲ ವಿವರಿಸಿದಳು. ರಮಾನಂದ ಮೊದಲು ಕಂಬ ಹಿಡಿದುಕೊಂಡ, ಆಮೇಲೆ ನೆಲಕ್ಕೆ ಕುಳಿತ. ನಕ್ಕು ನಕ್ಕು ಬಿಕ್ಕಳಿಕೆ ಹತ್ತಿ, ದುರ್ಗಮ್ಮ ಬೆನ್ನು ಗುದ್ದಬೇಕಾಯಿತು. “ಅಲ್ಲಿ ಹೊಳೆಗೆಲ್ಲ ಸೇತುವೆ ಇರ್ತದೆ ಮಾರಾಯ್ತಿ! ರೈಲು, ಬಸ್ಸು ಎಲ್ಲ ಮೇಲಿಂದ್ಲೇ ಓಡ್ತದೆ. ಹೊಳೆ ಬಂತು ಅಂತ ಗೊತ್ತೂ ಆಗೂದಿಲ್ಲ.”

“ಎಲ್ಲಾ ಹೊಳೆಗೂ?” ದುರ್ಗಮ್ಮ ನಂಬಲಿಲ್ಲ. “ನಮ್ಮ ಹೊನ್ನಾವರದ ಶರಾವತಿಗೇ ಇಲ್ಲ, ಅವ್ರಿಗೆ ಎಲ್ಲಿಂದ ಬಂತು?”

ಅಂಬಾಳಿಗೆ ಮಾತ್ರ ತಕ್ಷಣ ನಂಬಿಕೆ ಬಂತು. ಕೆಟ್ಟ ಸುದ್ದಿಯನ್ನು ಅವಳು ಯಾವಾಗಲೂ ತಕ್ಷಣ ನಂಬುತ್ತಿದ್ದಳು. ಮಾವ ಆ ಹಾಳೆಯನ್ನು ಸೇಟನ ಕೈಗೆ ಕೊಡುವುದು, ಸೇಟ್ ನಗುವುದು, ಉದಯಪುರದವನು ಬಾಣಲೆ ಹಿಡಿದು ವಿಮಾನ ಹತ್ತುವುದು, ಮಾವ ಮುದುಕನಾಗಿ ಖಾಲಿ ಚಾಪೆಯ ಮುಂದೆ ಕೂತಿರುವುದು, ಎಲ್ಲ ಕಣ್ಣ ಮುಂದೆ ಬಂತು. “ತಂತಿ ಕಳಸ್ರಿ, ಈಗಿಂದೀಗ!” ಎಂದಳು ಗಂಡನಿಗೆ.

“ನಾನಾ? ಸರ್ಕಾರಿ ನೌಕರ ನಾನು. ಯುರೋಪಿನಲ್ಲಿ ಸೇತುವೆ ಅದೆ ಅಂತ ತಂತಿ ಕೊಟ್ರೆ ತಲೆ ತಪಾಸಣೆಗೆ ಕಳಿಸ್ತಾರೆ.”

ಸೋಮವಾರ ಬೆಳಿಗ್ಗೆ ಅಂಬಾ ಕೂಸನ್ನು ಸೊಂಟಕ್ಕೇರಿಸಿ ಗಂಡನ ಜೊತೆ ಹೊನ್ನಾವರದ ಬಸ್ಸು ಹತ್ತಿದಳು. ಅವನು ಹೊಳೆಯ ಕಡೆ ಹೋದ. ಇವಳು ತಂತಿ ಆಫೀಸಿಗೆ ಹೋದಳು. ಅಲ್ಲಿಯ ಗುಮಾಸ್ತ ತಲೆಯೆತ್ತದೆ, “ಯಾರು ತೀರ್ಕಂಡ್ರು?” ಎಂದು ಕೇಳಿದ. ಊರಿಗೆ ಬರುವ ತಂತಿಯೂ ಊರಿಂದ ಹೋಗುವ ತಂತಿಯೂ ಅದೊಂದೇ ಕೆಲಸಕ್ಕೆ.

“ಯಾರೂ ಇಲ್ರೀ” ಎಂದು ಅಂಬಾ ಚೀಟಿ ಕೊಟ್ಟಳು.

ಗುಮಾಸ್ತ ಓದಿದ: ‘ಟೆಲ್ ಸೇಟ್ ಯುರೋಪ್ ಹ್ಯಾಸ್ ಬ್ರಿಜಸ್.’ ಕನ್ನಡಕ ತೆಗೆದು ಅವಳನ್ನು ನೋಡಿದ, ಕೂಸನ್ನು ನೋಡಿದ. “ಬಾಯೀ, ಇದ್ರಲ್ಲಿ ಎಂತಾದ್ರೂ ಒಳಗುಟ್ಟು ಅದ್ಯಾ? ಚಿನ್ನ ಗಿನ್ನ?”

“ದೇವರಾಣಿ ಇಲ್ರೀ. ಬರೇ ಸೇತುವೆ.”

ತಂತಿ ಹೋಯಿತು. ಉತ್ತರ ಬರಲಿಲ್ಲ. ದಿನ ಕಳೆದವು, ಯುಗಾದಿ ಕಳೆಯಿತು. ಅಂಬಾಳಿಗೆ ಕೂಸಿನ ಹಲ್ಲು ಬರುವ ಚಿಂತೆಯೂ ರುಚಿಸಲಿಲ್ಲ. ಕೊನೆಗೆ ಮುಂಬಯಿಯ ಗಿರಣಿಯಲ್ಲಿ ಕೆಲಸದಲ್ಲಿದ್ದ ಊರಿನ ಶಾಂತಾರಾಮ ರಜೆಗೆ ಬಂದವನು ನೇರ ಇವರ ಮನೆಗೇ ಬಂದ. ದುರ್ಗಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ದುರ್ಗಕ್ಕಾ, ನೀ ಗಟ್ಟಿ ಇದ್ಯಲ್ಲ! ಅಲ್ಲಿ ನಿನ್ನ ತಮ್ಮ ನಿಂಗೆ ಸೂತ್ಕ ಮಿಂದು ಕೂತಿದ್ದ.”

“ಥೂ! ಎಂತ ಹೇಳ್ತೆ ನೀನು?”

ಶಾಂತಾರಾಮ ಚೊಂಬು ನೀರು ಕುಡಿದು, ಮಾಬ್ಲನ ಬಾಯಿಂದಲೇ ಕೇಳಿದ್ದನ್ನು ಹೇಳಿದ. ಬೆಳಿಗ್ಗೆ ಮಾಬ್ಲ ರೊಟ್ಟಿ ಲಟ್ಟಿಸುತ್ತಿದ್ದಾಗ ತಂತಿ ಬಂತು. ಅವನಿಗೆ ಇಂಗ್ಲಿಷ್ ಬಾರದು. ಯಾರ ಕೈಗಾದರೂ ಕೊಟ್ಟು ಓದಿಸು ಎಂದು ಸೇಟನ ಸೊಸೆಯಂದಿರು ಹೇಳಿದರೆ, “ತಂತಿ ಅಂದ್ಮೇಲೆ ಓದೂದು ಎಂತ ಅದೆ?” ಎಂದವನೇ ಲಟ್ಟಣಿಗೆ ಬಿಸುಟು ನಲ್ಲಿಯ ಕೆಳಗೆ ಕುಳಿತ. ಅಂಗಿ ಸಮೇತ ಮಿಂದ. “ಅಕ್ಕಾ, ನನ್ನ ಬಿಟ್ಟು ಹೋದ್ಯಾ” ಎಂದು ಮೂರು ಮಾಳಿಗೆಗೆ ಕೇಳುವಂತೆ ಅತ್ತ. ಸೂತಕದವನು ಒಲೆ ಮುಟ್ಟುವಂತಿಲ್ಲ. ಸೇಟ್ ಪೇಟೆಗೆ ಹೋಗಿದ್ದ. ಸೊಸೆಯಂದಿರು ಓಡಿಹೋಗಿ ಉದಯಪುರದವನನ್ನೇ ಕರೆಸಿದರು.

“ಅಯ್ಯೋ, ನನ್ನಿಂದಽ ಆತಲ್ರೀ!” ಅಂಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

“ನಾ ಸತ್ತೆ ಅಂತ ಎಷ್ಟು ಹೊತ್ತು ಅತ್ತ?” ದುರ್ಗಮ್ಮನ ಕುತೂಹಲವೇ ಬೇರೆ.

“ಮಧ್ಯಾಹ್ನದ ವರೆಗೆ.”

“ಊಟ ಮಾಡ್ಲಿಲ್ವಾ?”

“ಒಂದು ಅಗಳು ಮುಟ್ಲಿಲ್ಲ.”

ದುರ್ಗಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತಳು. ಅವಳ ಮುಖದಲ್ಲಿ ಮದುಮಗಳ ಕಳೆ ಬಂದಿತ್ತು.

“ಮಾವನ ಯುರೋಪು ಏನಾತ್ರೀ?” ಅಂಬಾ ಕೂಗಿದಳು.

ಉದಯಪುರದವನು ಪೂರಿಯನ್ನೇನೋ ಚೆನ್ನಾಗಿ ಕರಿದಿದ್ದ. ಆದರೆ ಸೇಟನ ತಾಯಿ ಬಾ ಒಂದು ತುತ್ತು ದಾಲ್ ಬಾಯಿಗಿಟ್ಟು, ಖಾರಕ್ಕೆ ಕಣ್ಣೀರು ಸುರಿಸಿ, ತಟ್ಟೆ ಸರಿಸಿದಳು. ಈ ಮನುಷ್ಯನನ್ನು ಕರೆದೊಯ್ಯುವುದಾದರೆ ತಾನು ಇಪ್ಪತ್ತೊಂದು ದಿವಸವೂ ಬಾಳೆಹಣ್ಣು ತಿಂದೇ ಇರುತ್ತೇನೆ, ದಾರಿಯಲ್ಲಿ ಸತ್ತರೆ ಹೊಣೆ ನಿಮ್ಮದು ಎಂದಳು. ಸಂಜೆ ಸೇಟ್ ಬಂದು ತಂತಿ ಓದಿ, ಸತ್ತವರು ಯಾರೂ ಇಲ್ಲ, ಯುರೋಪಿನ ಸೇತುವೆಯ ಮಾತಿದೆ ಎಂದ. ಅರ್ಥವಾಗಲಿಲ್ಲ. ಆಗ ಮಾಬ್ಲ ಮೈಮೇಲೇ ಒಣಗಿದ ಅಂಗಿಯಲ್ಲೇ ಒಳಗೆ ಹೋಗಿ, ಹೆದರಿ ಕೊಡದೆ ಇಟ್ಟುಕೊಂಡಿದ್ದ ಹಾಳೆಯನ್ನು ತಂದುಕೊಟ್ಟ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದ ಸೇಟ್ ಗಾದಿಯ ಮೇಲೆ ಹೊರಳಾಡಿದ. ಆದರೆ ಬಾ ನಗಲಿಲ್ಲ. ಹೊಳೆಗೊಂದು ಅರ್ಧ ದಿನ ವಿಶ್ರಾಂತಿ, ಲಿಂಬೆಹಣ್ಣು, ಕಿವಿಗೆ ಹತ್ತಿ ಎಂಬುದನ್ನು ಕೇಳಿ, ಈ ಮನೆಯಲ್ಲಿ ತನ್ನ ಯೋಚನೆ ಮಾಡುವವರು ಯಾರೂ ಇಲ್ಲ, ಎಲ್ಲೋ ದೂರದ ಒಂದು ಹೆಣ್ಣುಮಗಳು ಮಾಡಿದ್ದಾಳೆ ಎಂದು ಮಗನನ್ನು ಬೈದಳು. ಹತ್ತು ದೇಶ ಆರಕ್ಕೆ ಇಳಿಯಿತು. ಸ್ಪೇನು ಅದರಲ್ಲಿ ಇರಲಿಲ್ಲ. ಮಾಬ್ಲ ಇದ್ದ.

ಚೌತಿಗೆ ಮಾಬ್ಲ ಯುರೋಪು ಮುಗಿಸಿ ಊರಿಗೆ ಬಂದ. ಕೊರಳಿಗೆ ಉಣ್ಣೆಯ ಶಾಲು ಸುತ್ತಿಕೊಂಡು, ಬೆವರು ಒರೆಸುತ್ತ ಜಗಲಿಯಲ್ಲಿ ಕುಳಿತ. ಜಟ್ಟ ಬಂದ, ಓಣಿಯವರೆಲ್ಲ ಬಂದರು. ಅಂಬಾ ಈಗ ನಡೆಯುತ್ತಿದ್ದ ಮಗಳನ್ನು ಎತ್ತಿಕೊಂಡು ಬಾಗಿಲ ಹಿಂದೆ ನಿಂತಳು.

“ಪ್ಯಾರಿಸಿನ ಹೊಳೆಗೆ ಹೆಜ್ಜೆಗೊಂದು ಸೇತುವೆ” ಎಂದು ಶುರು ಮಾಡಿದ ಮಾಬ್ಲ. “ಆದ್ರೂ ಜನ ದುಡ್ಡು ಕೊಟ್ಟು ದೋಣಿ ಹತ್ತತಾರೆ. ನಾವೂ ಹತ್ತಿದ್ವು. ಅದು ಆಚೆ ದಡಕ್ಕೆ ಹೋಗೂದಿಲ್ಲ ಮಾರಾಯ! ಅಷ್ಟು ದೂರ ಹೋಗಿ, ತಿರ್ಗಿ ಬಂದು, ಹತ್ತಿದಲ್ಲೇ ಇಳಿಸ್ತದೆ.”

ಜಟ್ಟ ಕವಳ ಉಗಿದ. “ಮಾಬ್ಲಣ್ಣ, ಸುಳ್ಳಿಗೂ ಒಂದು ಅಳತೆ ಬೇಕು. ದಾಟದೇ ಇರೂ ದೋಣಿಗೆ ಯಾವ ಹುಚ್ಚ ದುಡ್ಡು ಕೊಡ್ತಾ?” ಉಳಿದವರು ನಕ್ಕರು. ಒಬ್ಬ ಆಗಲೇ ಛತ್ರಿ ಕೈಗೆತ್ತಿಕೊಂಡ. ಮಾಬ್ಲ ಸುತ್ತ ನೋಡಿದ. ಅವನ ಮುಖ ಸಣ್ಣಗಾಯಿತು. ಆರು ದೇಶ ಸುತ್ತಿ ತಂದ ನಿಜದಲ್ಲಿ ಮೊದಲನೆಯದೇ ಮಣ್ಣಾಗಿತ್ತು. ಅವನು ಶಾಲನ್ನು ಕೊರಳಿಂದ ತೆಗೆದು ಮುಂದೆ ಹಿಡಿದ.

“ಅದು ಬಿಡು. ಸ್ಪೇನಿನ ಸುದ್ದಿ ಹೇಳ್ತೆ ಕೇಳು. ನಾನು ಹಿಂಗೆ ಕೂತಿದ್ದೆ. ಎದ್ರಿಗೆ ಎತ್ತು. ಆನೆಮರಿ ಇದ್ದಂಗೆ ಅದೆ.”

ಛತ್ರಿ ಕೆಳಗಿಳಿಯಿತು. ಎತ್ತಿನ ವಿಷಯದಲ್ಲಿ ಏನು ಬೇಕಾದರೂ ಆಗಬಹುದೆಂದು ಎಲ್ಲರಿಗೂ ಅನುಭವವಿತ್ತು. ಅಷ್ಟರಲ್ಲಿ ಮಾಬ್ಲನ ಕಣ್ಣು ಬಾಗಿಲ ಕಡೆ ಹೋಯಿತು, ಮತ್ತು ಸ್ಪೇನನ್ನು ತನ್ನ ಕೈಯಾರೆ ಹೊಡೆದುಹಾಕಿದ ಅಂಬಾ ಅಲ್ಲಿ ನಿಂತಿದ್ದಳು. ಶಾಲು ಕೈಯಲ್ಲಿ ಜೋತುಬಿತ್ತು.

ಅಂಬಾ ಮಗಳನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

“ಮಾವಾ, ಆ ಎತ್ತಿಗೆ ಮೂಗುದಾರ ಹಾಕಿದ್ದಿಲ್ಲೇನ್ರಿ?”

“ಅದೇ ಅಲ್ದಾ ಅಂಬಾ ನಾ ಹೇಳೂಕೆ ಹೊಂಟದ್ದು!” ಎಂದ ಮಾಬ್ಲ. ಜಟ್ಟ ಚಾಪೆಯ ಮೇಲೆ ಒಂದು ಮೊಳ ಮುಂದೆ ಸರಿದು ಕುಳಿತ.